ಬಿಟ್ಟ ಮದ್ದು ಎಲ್ಲಿಗೆ ಹೋಯಿತು



ಅಮೆರಿಕದ ಕಾಲೇಜುಗಳಲ್ಲಿ ಒಂದು ರೂಢಿ ಇದೆ. ಬೇಸಿಗೆ ರಜೆ ಶುರುವಾದೊಡನೆ ಒಬ್ಬ ಪ್ರಾಧ್ಯಾಪಕರು ಹತ್ತು ಹದಿನೈದು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೇರೊಂದು ದೇಶಕ್ಕೆ ಹೊರಡುತ್ತಾರೆ. ಎರಡು ವಾರ, ಮೂರು ವಾರ, ಹೆಚ್ಚೆಂದರೆ ಒಂದು ತಿಂಗಳು. ಅಲ್ಲಿ ಬೆಳಗ್ಗೆ ಪಾಠ, ಆಮೇಲೆ ತಿರುಗಾಟ, ರಾತ್ರಿ ಕೂತು ಬರೆಯುವುದು. ಕೊನೆಗೆ ಸಿಕ್ಕಿದ ಅಂಕ ಪದವಿಗೆ ಸೇರುತ್ತದೆ. ಹಾಗಾಗಿ ಇದನ್ನು ಪ್ರವಾಸ ಎನ್ನುವ ಹಾಗಿಲ್ಲ. ಕಾಲೇಜಿನ ಒಂದು ತರಗತಿಯೇ ಎದ್ದು ನಡೆದುಕೊಂಡು ಹೋದ ಹಾಗೆ.

ನಮ್ಮ ರಾಜ್ಯಕ್ಕೆ ಇದು ಹೊಸತೇನಲ್ಲ. ಮೈಸೂರಿನ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಬಂದು ಸಾರ್ವಜನಿಕ ಆರೋಗ್ಯ ಕಲಿತಿದ್ದಾರೆ. ಅಯೋವಾ ವಿಶ್ವವಿದ್ಯಾಲಯದವರು ಚಳಿಗಾಲದ ರಜೆಯಲ್ಲಿ ಮೂರು ವಾರ ಭಾರತಕ್ಕೆ ಬರುತ್ತಿದ್ದರು. ಆರೋಗ್ಯ, ನೀರು, ಸಮಾಜಸೇವೆ, ಇಂಥ ವಿಷಯಗಳಿಗೆ ನಮ್ಮ ಕಡೆ ಬರುತ್ತಾರೆ. ಆದರೆ ರಸಾಯನಶಾಸ್ತ್ರ ಮತ್ತು ಸುಸ್ಥಿರತೆ ಎಂಬ ಕೋರ್ಸು ಇದ್ದರೆ ಟಿಕೆಟ್ಟು ಸಾಮಾನ್ಯವಾಗಿ ಯುರೋಪಿಗೆ. ಜರ್ಮನಿಗೆ, ಸ್ವಿಟ್ಜರ್ಲೆಂಡಿಗೆ, ರೈನ್ ನದಿಯ ದಂಡೆಗೆ. ದೊಡ್ಡ ರಾಸಾಯನಿಕ ಕಾರ್ಖಾನೆಗಳು ಹುಟ್ಟಿದ್ದು ಅಲ್ಲಿ. ಅದು ಸರಿಯೇ.

ಆ ಕೋರ್ಸಿನ ಅರ್ಧ ಭಾಗ ಮಾತ್ರ ಅಲ್ಲಿದೆ, ಉಳಿದರ್ಧ ಇಲ್ಲಿದೆ ಎಂಬುದು ನನ್ನ ವಾದ. ಇಲ್ಲಿ ಎಂದರೆ ದಕ್ಷಿಣ ಕನ್ನಡ ಜಿಲ್ಲೆಯ ಕಡಬ ತಾಲೂಕಿನ ಪೆರಾಬೆಯಲ್ಲಿ. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ರಸ್ತೆಯ ಆಚೀಚೆ. ರಾಮಕುಂಜ, ಕೊಯಿಲ, ಕುಂತೂರು, ಆಲಂಕಾರು. ತಗ್ಗಿನಲ್ಲಿ ಅಡಿಕೆ, ಗುಡ್ಡೆಯಲ್ಲಿ ಗೇರು ಅಥವಾ ರಬ್ಬರು, ಕೆಳಗೆ ತೋಡು, ತೋಡು ಹೋಗಿ ಸೇರುವುದು ಕುಮಾರಧಾರೆಗೆ. ರಾಸಾಯನಿಕ ಹುಟ್ಟುವುದು ಕಾರ್ಖಾನೆಯಲ್ಲಿ. ಅದು ಕೊನೆಗೆ ಬಂದು ಬೀಳುವುದು ಇಂಥ ಜಾಗದಲ್ಲಿ. ಬಿದ್ದ ಮೇಲೆ ಏನಾಯಿತು ಎಂದು ನೋಡದವನು ಅರ್ಧ ರಸಾಯನಶಾಸ್ತ್ರ ಓದಿದವನು. ಹಲವು ವರ್ಷ ಅದನ್ನೇ ಪಾಠ ಮಾಡಿದವನಾಗಿ ಈ ಮಾತು ಹೇಳುತ್ತಿದ್ದೇನೆ.

ಒಂದು ತಮಾಷೆ ಗಮನಿಸಿ. ಅವರ ಬೇಸಿಗೆ ರಜೆ ಜೂನ್, ಜುಲೈ. ನಮಗೆ ಅದು ತುಳು ತಿಂಗಳುಗಳಾದ ಕಾರ್ತೆಲು, ಆಟಿ. ಬೇಸಿಗೆ ಕೋರ್ಸು ಎಂದು ತೆಳು ಅಂಗಿ ಹಾಕಿಕೊಂಡು ಬಂದ ಮಕ್ಕಳು ಇಲ್ಲಿ ಜಡಿಮಳೆಯಲ್ಲಿ ಇಳಿಯಬೇಕು. ಅವರಿಗೆ ತೊಂದರೆ. ಕೋರ್ಸಿಗೆ ಅದೇ ಅನುಕೂಲ. ಏಕೆಂದರೆ ನಮ್ಮ ತೋಟದಲ್ಲಿ ರಸಾಯನಶಾಸ್ತ್ರ ನಡೆಯುವುದೇ ಆ ದಿನಗಳಲ್ಲಿ. ಮದ್ದು ಬಿಡುವ ಕಾಲ ಅದು.

ಅಡಿಕೆಗೆ ಮದ್ದು ಬಿಡುವುದೆಂದರೆ ಏನೆಂದು ಹಳ್ಳಿಯ ಕೇಳುಗರಿಗೆ ಹೇಳಬೇಕಾಗಿಲ್ಲ. ಪೇಟೆಯ ಕೇಳುಗರಿಗಾಗಿ ಸ್ವಲ್ಪ ಹೇಳುತ್ತೇನೆ. ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಳೆರೋಗ ಬರುತ್ತದೆ. ಎಳೆ ಕಾಯಿಯ ಮೇಲೆ ನೀರು ನೆನೆದಂತೆ ಒಂದು ಕಲೆ. ನಾಲ್ಕು ದಿನದಲ್ಲಿ ಕಾಯಿ ಕೊಳೆತು ಉದುರುತ್ತದೆ. ಉದುರಿದ ಕಾಯಿಯ ಮೇಲೆ ಬಿಳಿ ಬೂಸ್ಟು. ಈ ರೋಗದ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೇಲಿನ ತೆಳ್ಳಗಿನ ನೀರಿನ ಪೊರೆಯೇ ಅವಕ್ಕೆ ಹೊಳೆ. ಆ ಪೊರೆಯಲ್ಲಿ ಚೂರು ತಾಮ್ರ ಇದ್ದರೆ ಅವು ಸಾಯುತ್ತವೆ. ನಾವು ಬಿಡುವ ಮದ್ದಾದ ಬೋರ್ಡೋ ದ್ರಾವಣದ ಕೆಲಸ ಇಷ್ಟೇ. ಕಾಯಿಯ ಮೇಲೆ ತಾಮ್ರವನ್ನು ಅಂಟಿಸಿ ಕೂರಿಸುವುದು.

ಬೋರ್ಡೋ ಎಂಬುದು ಫ್ರಾನ್ಸಿನ ಒಂದು ಊರು. ದ್ರಾಕ್ಷಿ ತೋಟಗಳ ಸೀಮೆ. 1882ರಲ್ಲಿ ಅಲ್ಲಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ಒಂದು ತೋಟದ ಬದಿಯಲ್ಲಿ ನಡೆಯುತ್ತಿದ್ದರು. ಎಲ್ಲ ಕಡೆ ಬಳ್ಳಿಗಳಿಗೆ ಬೂಜು ರೋಗ. ರಸ್ತೆ ಬದಿಯ ಬಳ್ಳಿಗಳಿಗೆ ಮಾತ್ರ ಇಲ್ಲ. ಕೇಳಿದರೆ ತೋಟದವರು ಹೇಳಿದ್ದು ಹೀಗೆ: ದಾರಿಹೋಕರು ಹಣ್ಣು ಕದಿಯಬಾರದೆಂದು ಸುಣ್ಣ, ಮೈಲುತುತ್ತು ಕಲಸಿ ಬಳಿದಿದ್ದೇವೆ. ನೋಡಿದರೆ ವಿಷ ಎಂದು ಅನ್ನಿಸಬೇಕು, ಅಷ್ಟೇ. ಕಳ್ಳರಿಗೆ ಇಟ್ಟ ಬೆದರು ರೋಗಕ್ಕೆ ಮದ್ದಾಯಿತು. ಮಿಲಾರ್ಡೆ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು.

ಅದು ಅಡಿಕೆಗೆ ಬಂದದ್ದು ಹೇಗೆ? ಇಲ್ಲಿ ಇನ್ನೊಬ್ಬ ಪರದೇಶಿ ಬರುತ್ತಾರೆ. ಲೆಸ್ಲಿ ಕೋಲ್ಮನ್. ಕೆನಡಾದವರು, ಜರ್ಮನಿಯಲ್ಲಿ ಓದಿದವರು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಆಗ ಮಲೆನಾಡಿನ ಬೆಳೆಗಾರರು ಮಳೆಗೆ ಮೊದಲು ಪ್ರತಿ ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಮಳೆನೀರು ಕಾಯಿಗೆ ತಾಗದಿರಲು ಹೊದೆಸುವ ಟೊಪ್ಪಿ ಅದು. ಸಾವಿರಾರು ಮರ, ಮರಕ್ಕೆರಡು ಮೂರು ಗೊನೆ, ಎಲ್ಲಕ್ಕೂ ಏರಿ ಕಟ್ಟಬೇಕು. ಕೋಲ್ಮನ್ ತೋಟದಲ್ಲೇ ರೋಗವನ್ನು ಅಭ್ಯಾಸ ಮಾಡಿದರು. ಅದನ್ನು ತರುವ ಜೀವಿಯನ್ನು ವಿವರಿಸಿದರು. ಬೋರ್ಡೋ ದ್ರಾವಣ ನಮ್ಮ ಮಳೆಯಲ್ಲೂ ನಿಲ್ಲುವಂತೆ ಅಂಟು ಸೇರಿಸಿ ನೋಡಿದರು. ಕೊಳೆರೋಗದ ಮೇಲೆ ಅವರ ಬರಹ 1910ರಲ್ಲಿ ಹೊರಬಂತು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಎಲ್ಲದರ ಹಿಂದೆಯೂ ಅವರಿದ್ದಾರೆ. ಕೋರ್ಸಿಗೆಂದು ಬಂದು ಇಪ್ಪತ್ತೈದು ವರ್ಷ ಉಳಿದ ವಿದ್ಯಾರ್ಥಿ ಎಂದು ನಾನು ಅವರನ್ನು ನಗುತ್ತಾ ಕರೆಯುವುದುಂಟು.

ಇದುವರೆಗೆ ಹೇಳಿದ್ದು ಇಷ್ಟು. ಫ್ರಾನ್ಸಿನಲ್ಲಿ ಹುಟ್ಟಿದ ಮದ್ದು, ಕೆನಡಾದವರ ಕೈಯಲ್ಲಿ, ನಮ್ಮ ಅಡಿಕೆಗೆ ಬಂತು. ಇನ್ನು ಅದನ್ನು ಮಾಡುವ ರೀತಿ ನೋಡೋಣ. ಬಂದ ಮಕ್ಕಳ ಮೊದಲ ಪಾಠ ಇದೇ ಆಗಬೇಕು. ಇದಕ್ಕೆ ಪ್ರಯೋಗಾಲಯ ಬೇಡ. ತೋಟದ ಬದಿಯ ಮೂರು ಬ್ಯಾರಲ್ ಸಾಕು.

ನೂರು ಲೀಟರಿನ ಲೆಕ್ಕ. ಒಂದು ಕಿಲೋ ಮೈಲುತುತ್ತು. ಕಣ್ಣಿಗೆ ನೀಲಿ ಕಲ್ಲುಸಕ್ಕರೆಯಂಥ ಹರಳು. ಅದನ್ನು ಬಟ್ಟೆಯಲ್ಲಿ ಕಟ್ಟಿ ಹಿಂದಿನ ರಾತ್ರಿಯೇ ಐವತ್ತು ಲೀಟರ್ ನೀರಿನಲ್ಲಿ ಇಳಿಬಿಡುತ್ತಾರೆ. ಬೆಳಗ್ಗೆಗೆ ಹರಳು ಇಲ್ಲ, ನೀರೆಲ್ಲ ನೀಲಿ. ಇನ್ನೊಂದು ಬ್ಯಾರಲಿನಲ್ಲಿ ಒಂದು ಕಿಲೋ ಸುಣ್ಣ ಅರಳಿಸಿ, ಸೋಸಿ, ಐವತ್ತು ಲೀಟರ್ ಮಾಡುತ್ತಾರೆ. ಆಮೇಲೆ ಎರಡನ್ನೂ ಒಟ್ಟಿಗೆ ಮೂರನೆಯ ಬ್ಯಾರಲಿಗೆ ಸುರಿಯುತ್ತಾ ಕೋಲಿನಲ್ಲಿ ಕದಡುತ್ತಾರೆ. ಸುರಿಯುವಾಗ ಬಣ್ಣ ಬದಲಾಗುತ್ತದೆ. ತಿಳಿ ನೀಲಿ ನೀರು ಹೋಗಿ ಆಕಾಶ ಬಣ್ಣದ ಗಂಜಿಯಂಥದ್ದು ಬರುತ್ತದೆ. ನೀರಿನಲ್ಲಿ ಕರಗಿದ್ದ ತಾಮ್ರ ಈಗ ಕರಗದ ಸಣ್ಣ ಕಣವಾಗಿದೆ. ಕರಗದ ಕಾರಣಕ್ಕೇ ಅದು ಮಳೆಗೆ ಬೇಗ ತೊಳೆದು ಹೋಗುವುದಿಲ್ಲ.

ಸುಣ್ಣ ಸಾಕಾಯಿತೇ ಎಂದು ತಿಳಿಯುವುದು ಹೇಗೆ? ಇಲ್ಲಿ ನನಗೆ ತುಂಬ ಇಷ್ಟವಾದ ಪರೀಕ್ಷೆ ಇದೆ. ಮಸೆದ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದಿ ಒಂದೆರಡು ನಿಮಿಷ ಬಿಟ್ಟು ತೆಗೆಯಬೇಕು. ಕಬ್ಬಿಣ ಹೊಳೆಯುತ್ತಿದ್ದರೆ ಮದ್ದು ಸರಿಯಾಗಿದೆ. ಕತ್ತಿಯ ಮೇಲೆ ಕೆಂಪು ಲೇಪ ಕೂತರೆ, ಇನ್ನೂ ಕರಗಿದ ತಾಮ್ರ ಉಳಿದಿದೆ. ಆ ಕೆಂಪು ತುಕ್ಕಲ್ಲ, ತಾಮ್ರವೇ. ಕಬ್ಬಿಣ ತಾನು ಕರಗಿ ತಾಮ್ರಕ್ಕೆ ಜಾಗ ಬಿಟ್ಟುಕೊಟ್ಟಿದೆ. ಆಗ ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಇಲ್ಲವಾದರೆ ಕಾಯಿಯೇ ಸುಟ್ಟುಹೋಗುತ್ತದೆ. ಈ ಕಾರಣಕ್ಕೇ ಮದ್ದಿಗೆ ಕಬ್ಬಿಣದ ಪಾತ್ರೆ ಆಗದು. ತರಗತಿಯಲ್ಲಿ ಹೇಳಿಕೊಡುವ ಪಾಠವನ್ನು ನಮ್ಮ ಮದ್ದು ಬಿಡುವವರು ಕತ್ತಿಯ ತುದಿಯಲ್ಲಿ ನೋಡುತ್ತಾ ಬಂದಿದ್ದಾರೆ. ಅವರಿಗೆ ಆ ಕೋರ್ಸಿನಲ್ಲಿ ಪ್ರಾಧ್ಯಾಪಕರ ಸಂಬಳ ಕೊಡಬೇಕು ಎಂಬುದು ನನ್ನ ಒಂದು ಷರತ್ತು.

ಮದ್ದು ಹುಟ್ಟಿದ್ದು ನೋಡಿದೆವು, ಮಾಡುವುದು ನೋಡಿದೆವು. ಈಗ ಪ್ರಶ್ನೆ ಮುಂದಿನದು. ಬಿಟ್ಟ ಮದ್ದು ಎಲ್ಲಿಗೆ ಹೋಯಿತು?

ನಿಧಾನವಾಗಿ ಒಂದು ಲೆಕ್ಕ ಮಾಡೋಣ. ನಿಮ್ಮ ಮನಸ್ಸಿನಲ್ಲೇ ಮಾಡಿ. ಮೈಲುತುತ್ತಿನಲ್ಲಿ ಕಾಲು ಭಾಗ ತಾಮ್ರ. ಉಳಿದದ್ದು ಗಂಧಕ, ಆಮ್ಲಜನಕ, ನೀರು. ಇನ್ನೂರು ಲೀಟರಿನ ಬ್ಯಾರಲಿಗೆ ಎರಡು ಕಿಲೋ ಮೈಲುತುತ್ತು. ಅಂದರೆ ಅರ್ಧ ಕಿಲೋ ತಾಮ್ರ. ಎಕರೆಗೆ ಒಂದು ಸಲಕ್ಕೆ ಎರಡು ಬ್ಯಾರಲ್ ಹಿಡಿಯಿತು ಎಂದಿಟ್ಟುಕೊಳ್ಳಿ. ಒಂದು ಕಿಲೋ ತಾಮ್ರ ಆಯಿತು. ಮಳೆಗೆ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ವರ್ಷಕ್ಕೆ ಎಕರೆಗೆ ಎರಡು ಕಿಲೋ. ಹೆಕ್ಟೇರಿಗೆ ಐದು ಕಿಲೋ. ಮಳೆ ಬಿಡದ ವರ್ಷ ಮೂರನೆಯ ಸಲವೂ ಬಿಡುವವರಿದ್ದಾರೆ. ಅದನ್ನು ನೀವೇ ಕೂಡಿಸಿಕೊಳ್ಳಿ.

ಯುರೋಪಿನ ಒಕ್ಕೂಟ ತನ್ನ ರೈತರಿಗೆ ಒಂದು ಮಿತಿ ಹಾಕಿದೆ. ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ. ಸರಾಸರಿ ವರ್ಷಕ್ಕೆ ನಾಲ್ಕು ಕಿಲೋ. ಬೋರ್ಡೋ ಹುಟ್ಟಿದ ಫ್ರಾನ್ಸಿಗೂ ಈ ಮಿತಿ ಇದೆ. ಏಕೆಂದರೆ ನೂರಕ್ಕೂ ಹೆಚ್ಚು ವರ್ಷ ಮದ್ದು ಬಿಟ್ಟ ಅಲ್ಲಿನ ಹಳೆಯ ದ್ರಾಕ್ಷಿ ತೋಟಗಳ ಮೇಲ್ಮಣ್ಣಿನಲ್ಲಿ ತಾಮ್ರ ಸೇರಿಕೊಂಡು ಕೂತಿದೆ. ತಾಮ್ರ ಒಂದು ಮೂಲವಸ್ತು. ಅದು ಕೊಳೆಯುವುದಿಲ್ಲ, ಒಡೆಯುವುದಿಲ್ಲ, ಆವಿಯಾಗುವುದಿಲ್ಲ. ಕೊಯ್ಲಿನ ಜೊತೆ ಹೋಗುವುದು ಅತ್ಯಲ್ಪ. ನಿಮ್ಮ ಅಜ್ಜ ಬಿಟ್ಟ ಮದ್ದಿನ ತಾಮ್ರ ಬಹುಪಾಲು ನಿಮ್ಮ ತೋಟದಲ್ಲೇ ಇದೆ.

ಅದರಿಂದ ಕೇಡೇನು? ಸ್ವಲ್ಪ ತಾಮ್ರ ಗಿಡಕ್ಕೆ ಬೇಕು. ಹೆಚ್ಚಾದರೆ ಎರೆಹುಳಕ್ಕೆ ಆಗದು, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಆಗದು. ಮಣ್ಣು ಹುಳಿಯಾದಷ್ಟೂ ತಾಮ್ರ ಸಡಿಲವಾಗುತ್ತದೆ. ನಮ್ಮದು ಮುರಕಲ್ಲಿನ ಹುಳಿ ಮಣ್ಣು. ಸುಣ್ಣ, ಸೊಪ್ಪು, ಹಟ್ಟಿಗೊಬ್ಬರ ಬೀಳುವ ತೋಟದಲ್ಲಿ ತಾಮ್ರ ಕಟ್ಟಿಹಾಕಿದಂತೆ ಇರುತ್ತದೆ. ಗೊಬ್ಬರ ಕಾಣದ ತೋಟದಲ್ಲಿ ಹಾಗಿರುವುದಿಲ್ಲ. ಬುಡಕ್ಕೆ ಸೊಪ್ಪು ಹಾಕುತ್ತಿದ್ದ ಹಿರಿಯರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಕೆಲಸ ಮಾತ್ರ ಸರಿಯಾಗಿತ್ತು. ಹಾಗೆಂದು ಮದ್ದು ಬಿಡಬೇಡಿ ಎಂದು ನಾನು ಹೇಳುತ್ತಿಲ್ಲ. ಕೊಳೆರೋಗ ಹೊಕ್ಕ ತೋಟದ ಕಷ್ಟ ನನಗೆ ಗೊತ್ತು. ಎಷ್ಟು ಬಿದ್ದಿದೆ ಎಂದು ತಿಳಿದು ಬಿಡಿ, ಇಷ್ಟೇ.

ರಬ್ಬರಿನ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ರಬ್ಬರ್ ಹಾಲು ಹೆಪ್ಪುಗಟ್ಟಲು ಹಾಕುವ ಆ್ಯಸಿಡ್ ಫಾರ್ಮಿಕ್ ಆಮ್ಲ. ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ ಚಿಮ್ಮಿಸುವ ಉರಿಯೂ ಅದೇ. ಅದು ಮಣ್ಣಿನಲ್ಲಿ ಒಡೆದುಹೋಗುವ ವಸ್ತು. ಆದರೆ ಶೀಟು ಒತ್ತಿ ಉಳಿದ ಹುಳಿನೀರನ್ನು ನೇರ ತೋಡಿಗೆ ಬಿಟ್ಟರೆ ತೋಡಿನ ಉಸಿರು ಕಟ್ಟುತ್ತದೆ. ಅದೇ ನೀರಿನಿಂದ ಗ್ಯಾಸ್ ಮಾಡಬಹುದು, ಮಾಡಿದವರೂ ಇದ್ದಾರೆ. ತಾಮ್ರದ ಹಾಗೆ ಉಳಿಯುವುದು ಒಂದು ಜಾತಿ, ಇದರ ಹಾಗೆ ಒಡೆಯುವುದು ಇನ್ನೊಂದು ಜಾತಿ. ವಿದ್ಯಾರ್ಥಿಗಳು ಈ ವ್ಯತ್ಯಾಸ ಹಿಡಿದುಕೊಂಡರೆ ಮುಂದಿನ ಪಾಠಕ್ಕೆ ತಯಾರು.

ಮುಂದಿನದು ಕಷ್ಟದ ಪಾಠ. ಅದಕ್ಕೆ ಮತ್ತೆ ರೈನ್ ನದಿಗೆ ಹೋಗಬೇಕು.

ರೈನ್ ದಂಡೆಯ ಕೋರ್ಸಿನಲ್ಲಿ ಸಾಮಾನ್ಯವಾಗಿ ಹೇಳುವ ಕತೆ 1986ರದು. ಆ ವರ್ಷದ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಸ್ಯಾಂಡೋಜ್ ಕಂಪೆನಿಯ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಿದ ನೀರು ಕೀಟನಾಶಕಗಳನ್ನು ತೊಳೆದುಕೊಂಡು ನದಿಗೆ ಇಳಿಯಿತು. ನದಿ ಕೆಂಪಾಯಿತು. ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಸತ್ತವು. ಆಮೇಲೆ ದೇಶಗಳೆಲ್ಲ ಸೇರಿ ನದಿಯನ್ನು ಸರಿಪಡಿಸಲು ಕೂತವು. ಒಳ್ಳೆಯ ಪಾಠ. ಆದರೆ ನಮಗೆ ಬೇಕಾದ ವರ್ಷ ಅದಲ್ಲ. ನಮ್ಮದು ಅದಕ್ಕಿಂತ ಹಿಂದಿನದು, 1969.

ಆ ವರ್ಷದ ಜೂನಿನಲ್ಲಿ ಜರ್ಮನಿಯಲ್ಲಿ ರೈನ್ ನದಿಯ ಮೀನುಗಳು ಲಕ್ಷಗಟ್ಟಲೆ ಸತ್ತು ತೇಲಿದವು. ಕೆಳಗಿನ ಹಾಲೆಂಡಿನವರು ಕುಡಿಯಲು ನದಿ ನೀರು ಎತ್ತುವುದನ್ನೇ ನಿಲ್ಲಿಸಿದರು. ನೀರನ್ನು ಪರೀಕ್ಷಿಸಿದಾಗ ಒಂದು ಕೀಟನಾಶಕ ಸಿಕ್ಕಿತು. ಅದರ ಹೆಸರು ಎಂಡೋಸಲ್ಫಾನ್.

ಕೇಳುಗರೇ, ಈ ಹೆಸರು ನಮಗೆ ಹೊಸತಲ್ಲ. ರೈನಿನಲ್ಲಿ ಮೀನು ಸತ್ತ ಸುಮಾರು ಹತ್ತು ವರ್ಷಕ್ಕೆ ಅದೇ ವಸ್ತು ನಮ್ಮ ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಲ್ಲಿ ಬಂತು. ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ. ನಮ್ಮ ಜಿಲ್ಲೆಯಲ್ಲಿ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ. ಕೊಕ್ಕಡ, ನಿಡ್ಲೆ, ಪಟ್ರಮೆಯ ಹೆಸರುಗಳು ಆಮೇಲೆ ಪತ್ರಿಕೆಗಳಲ್ಲಿ ಬಂದದ್ದು ಹಾಗೆ. ಗೇರಿನ ಚಿಗುರು ಹೂವು ಹೀರುವ ಟೀ ಸೊಳ್ಳೆಯನ್ನು ಕೊಲ್ಲುವುದು ಉದ್ದೇಶ. 2000ದ ಹೊತ್ತಿನ ತನಕ ಇದು ನಡೆಯಿತು.

ಈಗ ನಮ್ಮ ಹಳೆಯ ಪ್ರಶ್ನೆಯನ್ನೇ ಇಲ್ಲಿ ಕೇಳೋಣ. ಬಿಟ್ಟ ಮದ್ದು ಎಲ್ಲಿಗೆ ಹೋಯಿತು? ನೆಲ ಸಮತಟ್ಟಾಗಿದ್ದರೆ ಮದ್ದು ಮರದ ಮೇಲೆ ಬೀಳಬಹುದು. ನಮ್ಮ ನೆಲ ಹಾಗಿಲ್ಲ. ಗುಡ್ಡೆಯ ನೆತ್ತಿಯಲ್ಲಿ ಗೇರು, ಕೆಳಗೆ ಮನೆ, ಬಾವಿ, ಕೆರೆ, ನೀರಿನ ಸುರಂಗ, ಅದರ ಕೆಳಗೆ ತೋಡು. ಗಾಳಿಯಲ್ಲಿ ಬಿಟ್ಟದ್ದು ಗಾಳಿ ಹೋದಲ್ಲಿಗೆ ಹೋಗುತ್ತದೆ. ಮಳೆಯಲ್ಲಿ ತೊಳೆದದ್ದು ನೀರು ಹರಿದಲ್ಲಿಗೆ ಹೋಗುತ್ತದೆ. ಮಣ್ಣಿಗೆ ಬಿದ್ದ ಎಂಡೋಸಲ್ಫಾನ್ ಬದಲಾಗುತ್ತದೆ, ನಿಜ. ಬದಲಾಗಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಅದೂ ವಿಷವೇ, ಮೊದಲಿನದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಸ್ವಲ್ಪ ಆವಿಯಾಗಿ ಗಾಳಿಯಲ್ಲಿ ಎಷ್ಟು ದೂರ ಹೋಗುತ್ತದೆಂದರೆ ಉತ್ತರ ಧ್ರುವದ ಹತ್ತಿರವೂ ಅದರ ಅಂಶ ಸಿಕ್ಕಿದೆ.

ನಮ್ಮ ಜನ, ಜಾನುವಾರುಗಳ ಮೇಲೆ ಇದರ ಪರಿಣಾಮವನ್ನು ಮೊದಲು ಕಂಡವರು ಯಾವ ಪ್ರಯೋಗಾಲಯದವರೂ ಅಲ್ಲ. ಕಾಸರಗೋಡಿನ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಅಂಗ ಸರಿಯಿಲ್ಲದ ಕರುಗಳು ಹುಟ್ಟುವುದನ್ನು ಪತ್ರಕರ್ತ ಶ್ರೀಪಡ್ರೆ 1979ರ ಸುಮಾರಿಗೆ ಗಮನಿಸಿದರು, ಆಮೇಲೆ ಅದರ ಬಗ್ಗೆ ಬರೆದರು. ಅಲ್ಲೇ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್, ಒಂದೇ ಕಡೆಯ ಮನೆಗಳಿಂದ ಒಂದೇ ಬಗೆಯ ತೀವ್ರ ಕಾಯಿಲೆಗಳು ಬರುವುದನ್ನು ಗುರುತು ಹಾಕಿಕೊಂಡರು. ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟುವಾಗಲೇ ಅಂಗವೈಕಲ್ಯ, ಕ್ಯಾನ್ಸರ್. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ ನೀರು, ಮಣ್ಣು, ಜನರ ರಕ್ತ ಪರೀಕ್ಷಿಸಿ ಎಂಡೋಸಲ್ಫಾನ್ ಇದೆ ಎಂದಿತು. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆ ನಿಲ್ಲಿಸಿತು.

ವರ್ಷಗಳನ್ನು ಸಾಲಾಗಿ ಇಡಿ. ರೈನ್ 1969. ಪಡ್ರೆ 1979. ನಿಷೇಧ 2011. ಮೀನಿಗೆ ಏನಾಗುತ್ತದೆ ಎಂದು ಜಗತ್ತಿಗೆ ಗೊತ್ತಾಗಿ ನಲವತ್ತು ವರ್ಷ ದಾಟಿದ ಮೇಲೆ ನಮ್ಮಲ್ಲಿ ಬಾಗಿಲು ಮುಚ್ಚಿತು. ರೈನ್ ದಂಡೆಯಲ್ಲಿ ಮಾತ್ರ ಪಾಠ ಕೇಳಿದ ವಿದ್ಯಾರ್ಥಿಗೆ ಇದು ನದಿಯೊಂದು ಚೇತರಿಸಿಕೊಂಡ ಕತೆ. ಪೆರಾಬೆಗೆ ಬಂದವನಿಗೆ ಅದೇ ಕತೆಯ ಮುಂದಿನ ಅಧ್ಯಾಯ ಸಿಗುತ್ತದೆ. ಅರ್ಧ ಇಲ್ಲಿದೆ ಎಂದು ಆಗ ಹೇಳಿದ್ದು ಇದನ್ನೇ.

ಇನ್ನು ಕೊನೆಯ ಭಾಗ. ಅಂಥ ಕೋರ್ಸು ಬಂದರೆ ನಡೆಯಬೇಕಾದ ರೀತಿ ಯಾವುದು?

ಪೆರಾಬೆಯ ಪಕ್ಕದ ಕೊಯಿಲದಲ್ಲಿ ಎಂಡೋಸಲ್ಫಾನ್ ಬಾಧಿತರಿಗಾಗಿ ಪಾಲನಾ ಕೇಂದ್ರವಿದೆ. ಕೊಕ್ಕಡದಲ್ಲೂ ಇದೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯಬೇಕೇ? ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಾಧಿತ ಮಕ್ಕಳನ್ನು ನೋಡಲು ಬಂದವರ ಸಾಲು, ಫೋಟೋ ತೆಗೆದವರ ಸಾಲು, ಆ ಮನೆಯವರು ಸಾಕಷ್ಟು ಕಂಡಿದ್ದಾರೆ. ವಿದ್ಯಾರ್ಥಿ ನೋಡಬೇಕಾದದ್ದು ಗುಡ್ಡೆಯ ಇಳಿಜಾರನ್ನು, ಬಾವಿ ಇರುವ ಜಾಗವನ್ನು, ತೋಡು ಹರಿಯುವ ದಿಕ್ಕನ್ನು. ನಕ್ಷೆ ಬಿಡಿಸಲಿ. ಮೇಲೆ ಒಂದು ಬಕೆಟ್ ಮದ್ದು ಬಿದ್ದರೆ ಕೆಳಗೆ ಎಲ್ಲಿಗೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಲೆಕ್ಕ ಹಾಕಲಿ. ಅದಕ್ಕೆ ಯಾರ ನೋವನ್ನೂ ಕೆದಕಬೇಕಾಗಿಲ್ಲ.

ಇನ್ನೊಂದು ಷರತ್ತು. ಅಮೆರಿಕದಿಂದ ಮಂಗಳೂರಿಗೆ ಬಂದು ಹೋಗುವ ಒಬ್ಬರ ವಿಮಾನ ಯಾನಕ್ಕೆ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸುಸ್ಥಿರತೆ ಕಲಿಯಲು ಬಂದವರು ಇಷ್ಟು ಸಾಲ ಮಾಡಿಕೊಂಡೇ ಇಳಿಯುತ್ತಾರೆ. ಸಾಲ ತೀರಿಸಲು ಇಲ್ಲಿನ ತೋಟಗಳ ಮಣ್ಣನ್ನು ಪರೀಕ್ಷಿಸಿ ಕೊಡಲಿ. ಪುತ್ತೂರು, ಸುಳ್ಯದ ಕಾಲೇಜುಗಳ ಬಿ.ಎಸ್ಸಿ. ಮಕ್ಕಳು ಜೊತೆಗಿರಲಿ. ಮನೆಯವರ ಹತ್ತಿರ ತುಳು, ಕನ್ನಡ ಮಾತಾಡಲು ಅವರೇ ಬೇಕು. ಫಲಿತಾಂಶ ಅಮೆರಿಕದ ಪ್ರಬಂಧದಲ್ಲಿ ಸೇರುವ ಮೊದಲು ಕನ್ನಡದಲ್ಲಿ ಬರೆದು ತೋಟದ ಯಜಮಾನರ ಕೈಗೆ ಸೇರಲಿ.

ಅವರು ಬರುವ ತನಕ ಕಾಯಬೇಕಾಗಿಲ್ಲ. ನಿಮ್ಮಲ್ಲಿ ಅನೇಕರ ಹತ್ತಿರ ಸರಕಾರ ಕೊಟ್ಟ ಮಣ್ಣು ಆರೋಗ್ಯ ಚೀಟಿ ಇರಬಹುದು. ಕಪಾಟಿನಲ್ಲಿ ಎಲ್ಲೋ ಇರುತ್ತದೆ, ತೆಗೆಯಿರಿ. ಹನ್ನೆರಡು ಸಾಲುಗಳಿವೆ. ಸಾರಜನಕ, ರಂಜಕ, ಪೊಟ್ಯಾಷ್ ನೋಡಿ ಮಡಚಿ ಇಡುವುದು ನಮ್ಮ ಅಭ್ಯಾಸ. ಕೆಳಗೆ ಬನ್ನಿ. ಸತು, ಕಬ್ಬಿಣದ ಹತ್ತಿರ ತಾಮ್ರ ಎಂಬ ಸಾಲು ಇದೆ. ತಾಮ್ರದ ವಿಷಯದಲ್ಲಿ ಆ ಚೀಟಿ ನೋಡುವುದು ಕೊರತೆ ಇದೆಯೇ ಎಂದು ಮಾತ್ರ. ಆದ್ದರಿಂದ ಅಡಿಕೆ ತೋಟದ ಚೀಟಿಯಲ್ಲಿ ತಾಮ್ರದ ಎದುರು ಸಾಮಾನ್ಯವಾಗಿ ‘ಸಾಕಷ್ಟಿದೆ’ ಎಂದೇ ಬರೆದಿರುತ್ತದೆ. ಆ ಮಾತನ್ನು ಬಿಡಿ, ಪಕ್ಕದ ಅಂಕಿಯನ್ನು ಓದಿ. ಪಕ್ಕದ ಮನೆಯವರ ಚೀಟಿಯ ಅಂಕಿ ಕೇಳಿ. ಮದ್ದು ಬಿಡದ ಗುಡ್ಡೆಯ ಮಣ್ಣಿನ ಅಂಕಿ ಸಿಕ್ಕಿದರೆ ಅದನ್ನೂ ಜೊತೆಗೆ ಇಟ್ಟು ನೋಡಿ. ಈ ಸಲದ ಮದ್ದಿಗೆ ಬ್ಯಾರಲ್ ತೊಳೆಯುವ ಮೊದಲು ಈ ಕೆಲಸ ಮುಗಿಯಲಿ.